ಹೊಳಿಗೊಂದ್ ಕಾಯಿ, ದೋಣಿಗೊಂದ್ ಕಾಗ್ದ

ನಮ್ಮನೆ ದೋಣಿಗೆ ಇನ್ಶೂರೆನ್ಸ್ ಮಾಡ್ಸ್ಕ್ ಅಂತ ಇವರು ಹೊರಟಾಗ ಅತ್ತೆ ಹೇಳಿದ್ದು ಇಷ್ಟೇ: "ದೋಣಿಗೆ ಎಂತಕೆ ಇನ್ಶೂರೆನ್ಸ್? ನೂಲ ಹುಣ್ಣಿಮಿ ದಿನ ಹೊಳಿಗೊಂದ್ ಕಾಯಿ ಬಿಟ್ರ್ ಸಾಕ್. ನಿನ್ ಮಾವ ಐವತ್ತ್ ವರ್ಷ ದೋಣಿ ಇಟ್ಕಂಡಿದ್ರ್, ಒಂದ್ ಕಾಗ್ದ ಇರ್ಲಿಲ್ಲೆ."

ಆವತ್ತು ನಾನೂ ಮನಸ್ಸಿನಲ್ಲೇ ಅತ್ತೆ ಕಡೆಗೇ ಇದ್ದೆ. ಕಾರಿಗೆ ಇನ್ಶೂರೆನ್ಸ್ ಮಾಡುದು ಪೊಲೀಸರಿಗೆ ಹೆದರಿ. ಹೊಳೆ ಮಧ್ಯ ಯಾವ ಪೊಲೀಸ್ ಕೈ ಅಡ್ಡ ಹಿಡಿತಾರೆ? ಈಗ ಹಾಂಗೆ ಹೇಳುದಿಲ್ಲ. ಎಂತಕೆ ಹೇಳುದಿಲ್ಲ ಅನ್ನುದನ್ನು ಬರೀಲಿಕ್ಕೇ ಇವತ್ತು ಕೂತದ್ದು.

ಮೊದಲು ದೋಣಿ ಸಂಗತಿ. ನಮ್ಮ ಮನೆ ಕುಂದಾಪುರದ ಹತ್ತಿರ ಹೊಳೆ ಬದಿಗೆ. ಸೌಪರ್ಣಿಕಾ, ಚಕ್ರಾ, ಕುಬ್ಜಾ, ಖೇಟಾ, ವಾರಾಹಿ ಐದೂ ಬಂದು ಸೇರಿ ಪಂಚಗಂಗಾವಳಿ ಆಗಿ ಗಂಗೊಳ್ಳಿ ಅಳಿವೆಯಲ್ಲಿ ಸಮುದ್ರಕ್ಕೆ ಹೋಗ್ತವೆ ಅಲ್ದಾ, ಆ ನೀರಿನ ಬದಿಗೆ. ಮಾವನ ಕಾಲದ ಮರದ ದೋಣಿ ದುಡಿಯುವ ದೋಣಿ. ಕುದ್ರುವಿನ ಗದ್ದೆಗೆ ಗೊಬ್ಬರ ಹೋಗುದು, ಅಲ್ಲಿಂದ ತೆಂಗಿನಕಾಯಿ ಬರುದು, ಎಲ್ಲ ಅದರಲ್ಲೇ. ಸೇತುವೆ ಆದ ಮೇಲೆ ಅದು ಕೊಟ್ಟಿಗೆ ಹಿಂದೆ ಮಗುಚಿ ಬಿದ್ದು ಗೆದ್ದಲು ಹಿಡೀತು. ಈಗ ಇರುದು ಕುಶಾಲಿನ ದೋಣಿ. 16 ಅಡಿ ಫೈಬರಿನದ್ದು, ಹಿಂದೆ ಔಟ್‌ಬೋರ್ಡ್ ಎಂಜಿನ್. ಬೆಂಗಳೂರಿನಿಂದ ರಜೆಗೆ ಬರುವ ಮಕ್ಕಳಿಗೆ ಕಾಂಡ್ಲಾ ಗಿಡದ ಸಂದಿಯಲ್ಲಿ ಒಂದು ಸುತ್ತು ಹೋಪುಕೆ, ಸಂಜಿಗೆ ಗಾಳಿ ತಿಂಬುಕೆ, ಅಪರೂಪಕ್ಕೆ ಗಾಳ ಹಾಕುಕೆ. ಇವರು ಮತ್ತೆ ನನ್ನ ಮೈದುನ ಸೇರಿ ಸೆಕೆಂಡ್ ಹ್ಯಾಂಡ್ ತಂದದ್ದು.

ಕಾರಿನ ಇನ್ಶೂರೆನ್ಸ್ ಮಾಡುವ ಹುಡುಗನಿಗೇ ಮೊದಲು ಫೋನ್ ಮಾಡಿದ್ದು.

"ಅಕ್ಕ, ಆರ್‌ಸಿ ಫೋಟೋ ಕಳ್ಸಿ."

"ದೋಣಿಗೆ ಆರ್‌ಸಿ ಎಲ್ಲಿತ್ತ್ ಮರಾಯಾ?"

"ಹಾಂಗಾರೆ ನಮ್ ಕಂಪ್ಯೂಟ್ರಂಗೆ ಬತ್ತಿಲ್ಲೆ ಅಕ್ಕ."

ಪಾಪ, ಅವನ ತಪ್ಪಲ್ಲ. ಕಾರು, ಬೈಕು, ಆರೋಗ್ಯ ಅಂತ ಮೂರು ಗುಂಡಿ ಇರುವ ಮೊಬೈಲ್ ಅವನದ್ದು. ಮತ್ತೊಬ್ಬರು, ಮನೆ ಇನ್ಶೂರೆನ್ಸಿನ ಜೊತೆಗೇ ದೋಣಿಯನ್ನೂ ಸೇರಿಸಿ ಬಿಡಿ ಅಂದರು. ಕಂಪನಿಯ ಶಾಖೆಗೆ ಹೋಗಿ ಕೇಳಿದರೆ, ದೋಣಿ ಮನೆ ಸಾಮಾನಲ್ಲ, ಅದು ಮರೈನ್ ವಿಭಾಗಕ್ಕೆ ಹೋಗ್ಬೇಕು, ಕಾಗ್ದ ಮಂಗಳೂರಿಗೆ ಕಳಿಸ್ಬೇಕು, ಅದಕ್ಕೆ ಮೊದಲು ಬಂದರು ಇಲಾಖೆಯ ನೋಂದಣಿ ತನ್ನಿ ಅಂದರು. ಕುಶಾಲಿಗೆ ತಂದ ದೋಣಿಯ ಹಿಂದೆ ಇವರು ಆರು ಸಲ ಆಫೀಸು ಮೆಟ್ಟಿಲು ಹತ್ತಿದರು.

ಆಗ ಗೊತ್ತಾದ ಸಂಗತಿ ಇದು. ನಮ್ಮ ದೇಶದಲ್ಲಿ 1917ರ ಬ್ರಿಟಿಷರ ಕಾಲದ ಕಾಯ್ದೆ ತೆಗೆದು 2021ರಲ್ಲಿ ಹೊಸ ಒಳನಾಡು ಹಡಗು ಕಾಯ್ದೆ ಮಾಡಿದ್ದಾರೆ. ಹಡಗು ಅಂದರೆ ದೊಡ್ಡ ಹಡಗೇ ಅಂತ ತಿಳ್ಕಂಬುದು ಬೇಡ. ಹೊಳೆ, ಕೆರೆ, ಹಿನ್ನೀರಿನಲ್ಲಿ ಎಂಜಿನ್ ಹಾಕಿ ಓಡಿಸುವ ದೋಣಿಗೆ ನೋಂದಣಿ ಬೇಕು, ತಪಾಸಣೆ ಆಗಿರ್ಬೇಕು, ಮೂರನೆಯವರಿಗೆ ಪೆಟ್ಟಾದರೆ ಪರಿಹಾರ ಕೊಡುವ ಇನ್ಶೂರೆನ್ಸ್ ಬೇಕು. ಅಂದರೆ ಕಾರಿನ ಥರ್ಡ್ ಪಾರ್ಟಿ ಇದ್ದ ಹಾಂಗೆಯೇ. ಮಾವನ ಹುಟ್ಟು ಹಾಕುವ ದೋಣಿಗೂ ನಮ್ಮ ಎಂಜಿನ್ ದೋಣಿಗೂ ಇರುವ ವ್ಯತ್ಯಾಸ ಅತ್ತೆಗೆ ಕಾಣದಿದ್ದರೂ ಕಾಯ್ದೆಗೆ ಕಾಣ್ತದೆ.

ನೋಂದಣಿ ಆದ ಮೇಲೆ ಕಂಪನಿಯವರ ಫಾರ್ಮ್ ಬಂತು. ದೋಣಿ ಯಾವ ವರ್ಷದ್ದು, ಎಂತದರಲ್ಲಿ ಮಾಡಿದ್ದು, ಎಂಜಿನ್ ಎಷ್ಟು ಶಕ್ತಿಯದ್ದು. ಯಾರು ಓಡಿಸುದು, ಎಷ್ಟು ವರ್ಷದ ಅನುಭವ. ಎಷ್ಟು ಜನ ಕೂರುದು. ಎಲ್ಲಿಂದ ಎಲ್ಲಿವರೆಗೆ ಹೋಗುದು, ಅಳಿವೆ ದಾಟುದಾ. ಮಳೆಗಾಲದಲ್ಲಿ ಎಲ್ಲಿ ಇಡುದು. ಹಿಂದೆ ಎಂತಾದರೂ ಅಪಘಾತ ಆಗಿತ್ತಾ. ಬಾಡಿಗೆಗೆ ಕೊಡುದಾ.

ಮೈದುನ ನೆಗೆ ಮಾಡಿದ. "ಅತ್ತಿಗೆ, ಹೆಣ್ ಕೊಡುಕೂ ಇಷ್ಟ್ ಕೇಂತಿಲ್ಲೆ!"

ಆಮೇಲೆ ಸರ್ವೆಯರ್ ಒಬ್ಬರು ಬಂದರು. ದೋಣಿಯ ಹೊಟ್ಟೆಯನ್ನು ಬೆರಳ ಗೆಣ್ಣಿನಲ್ಲಿ ಕುಟ್ಟಿ ಕುಟ್ಟಿ, ಹಲಸಿನಹಣ್ಣು ನೋಡುವ ಹಾಂಗೆ ಕಿವಿ ಕೊಟ್ಟು ಕೇಳಿದರು. ಲೈಫ್ ಜಾಕೆಟ್ ಎಣಿಸಿದರು. ಎಂಜಿನ್ ನೋಡಿ, ತಿರುಪಿನ ಜೊತೆಗೆ ಬೇರೆ ಒಂದು ಬೀಗ ಹಾಕಿ, ಬೀಗ ಇಲ್ಲದೆ ಎಂಜಿನ್ ಕಳುವಾದರೆ ದುಡ್ಡು ಸಿಕ್ಕುದಿಲ್ಲ ಅಂದರು. ಆವತ್ತೇ ಸಂಜಿಗೆ ಬೀಗ ಬಂತು. ಹದಿನೈದು ದಿನ ಬಿಟ್ಟು ಪಾಲಿಸಿಯೂ ಬಂತು. ಇಂಗ್ಲಿಷಿನಲ್ಲಿ 14 ಪುಟ. ಇವರು ಮೊದಲ ಪುಟದ ಮೊತ್ತ ನೋಡಿದರು, ಕಡೇ ಪುಟದ ಸೀಲು ನೋಡಿದರು, ಮನೆ ತೆರಿಗೆ ರಶೀದಿ ಜೊತೆಗೆ ಕಪಾಟಿನಲ್ಲಿ ಇಟ್ಟರು. ನಾನೂ ಓದಲಿಲ್ಲ. ಮಧ್ಯದ 12 ಪುಟ ಹಾಂಗೇ ಮಡಚಿ ಇತ್ತು.

ಕಳೆದ ಡಿಸೆಂಬರಿನಲ್ಲಿ ಅದನ್ನು ಬಿಡಿಸುವ ದಿನ ಬಂತು.

ಮೈದುನನ ದೋಸ್ತಿಯ ಪೈಕಿ ಒಂದು ಮದುವೆ. ಮದುವೆಗೆ ಮೊದಲೇ ಗಂಡು ಹೆಣ್ಣನ್ನು ಕರಕೊಂಡು ಹೋಗಿ ಫೋಟೋ ತೆಗೆಯುದು ಈಗ ಎಲ್ಲ ಕಡೆ ಇದೆ. ಹೊಳೆ, ಕಾಂಡ್ಲಾ, ಸಂಜೆ ಬೆಳಕು, ದೋಣಿ. ಎರಡು ಗಂಟೆಗೆ ಮೂರು ಸಾವಿರ ಕೊಡ್ತೇವೆ ಅಂದರು. ಪೆಟ್ರೋಲ್ ಖರ್ಚು ಕಳೆದು ಒಂದಿಷ್ಟು ಉಳೀತದೆ ಅಂತ ಇವನು ಹೂಂ ಅಂದ. ಮನೆಯಲ್ಲಿ ಹೇಳಲಿಲ್ಲ.

ಲೈಫ್ ಜಾಕೆಟ್ ಫೋಟೋದಲ್ಲಿ ಚಂದ ಕಾಣುದಿಲ್ಲ ಅಂತ ಎಲ್ಲರೂ ಬಿಚ್ಚಿ ಮೂಲೆಗೆ ಹಾಕಿದರು. ಗಂಡು ಹೆಣ್ಣು ಮುಂದೆ ನಿಂತರು. ಫೋಟೋದ ಹುಡುಗ ಹಿಂದೆ ಎಂಜಿನ್ ಹತ್ತಿರ, ಅಂಚಿನ ಮೇಲೆ ಒಂದು ಕಾಲಿಟ್ಟು ನಿಂತ. ಅಷ್ಟೊತ್ತಿಗೆ ಬಂದರಿಗೆ ಹೋಗುವ ಮೀನಿನ ಬೋಟೊಂದು ಪಕ್ಕದಲ್ಲಿ ಹೋಯ್ತು. ಅದರ ತೆರೆ ಬಂದು ಬಡಿದಾಗ ದೋಣಿ ಒಂದು ಬದಿಗೆ ವಾಲಿತು. ಹುಡುಗ ಅಂಚಿಗೆ ಕೈ ಬಡಿದು ನೀರಿಗೆ ಬಿದ್ದ. ಬೀಳುವಾಗ ಎಂಜಿನ್ ಹಿಡಿದು ತೂಗಿದ. ತಿರುಪು ಮೊದಲೇ ಸಡಿಲ ಆಗಿತ್ತೋ ಏನೋ, ಎಂಜಿನ್ ಕಳಚಿ ಅವನ ಹಿಂದೆಯೇ ಹೋಯ್ತು. ಕುದ್ರುವಿನ ಹತ್ತಿರದ ನೀರು, ಎದೆಮಟ್ಟ ಅಷ್ಟೇ. ಅದೇ ನಮ್ಮ ಪುಣ್ಯ. ನೂರು ಮಾರು ಆಚೆ ಆಗಿದ್ದರೆ ನಾನು ಇವತ್ತು ಇದನ್ನು ಬರೀತಿರಲಿಲ್ಲ.

ಹುಡುಗನಿಗೆ 22 ವರ್ಷ. ಬಲಗೈ ಎರಡು ಕಡೆ ಮುರಿದಿತ್ತು. ಆಪರೇಷನ್ ಆಗಿ ಸಳಿ ಹಾಕಿದರು. ಕ್ಯಾಮೆರಾ ಸಾಲದ್ದು, ಉಪ್ಪುನೀರು ಕುಡಿದು ಹೋಯ್ತು. ಮದುವೆ ಸೀಸನ್ನಿನಲ್ಲಿ ಮೂರು ತಿಂಗಳು ಅವನಿಗೆ ಕೆಲಸ ಇಲ್ಲ. ಅವನ ಅಮ್ಮ ಆಸ್ಪತ್ರೆ ಬೆಂಚಿನಲ್ಲಿ ನನ್ನ ಪಕ್ಕ ಕೂಕಂಡು ಬೈಯಲಿಲ್ಲ, ಕೂಗಲಿಲ್ಲ. "ಅಕ್ಕಾ, ಹೈದನ ಕೈ ಮೊದ್ಲಿನಂಗೆ ಆತ್ತಾ?" ಅಂತ ಮಾತ್ರ ಕೇಳಿದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ಶೂರೆನ್ಸ್ ಇತ್ತ್, ನೀವ್ ಹೆದ್ರ್ಕಂಬುದ್ ಬ್ಯಾಡ ಅಂದೆ. ಆ ಮಾತಿಗೆ ಇವತ್ತೂ ನಾಚಿಕೆ ಆಗ್ತದೆ.

ಕಂಪನಿಯಿಂದ ಒಂದೂವರೆ ಪುಟದ ಕಾಗ್ದ ಬಂತು. ಎಂಜಿನ್ನಿಗೂ ಇಲ್ಲ, ಹುಡುಗನಿಗೂ ಇಲ್ಲ.

ಇವರು ಸಿಟ್ಟಿನಲ್ಲಿ, "ಎಲ್ಲಾ ಕಳ್ರೇ. ದುಡ್ಡ್ ತಕಂಬತಿಗೆ ಬತ್ರ್, ಕೊಡ್ಕಾರೆ ಇಲ್ಲೆ" ಅಂತ ಅಂಗಳದಲ್ಲಿ ನಿಂತು ಹೇಳಿದರು. ಊರಿನಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ನಾನು ಆವತ್ತು ರಾತ್ರಿ ಆ 12 ಪುಟ ಬಿಡಿಸಿದೆ. ಜಗುಲಿಯಲ್ಲಿ ದೀಪ ಹಾಕ್ಕಂಡು, ಡಿಕ್ಷನರಿ ಇಟ್ಟುಕೊಂಡು ಕೂತೆ. ಅತ್ತೆ ಎದುರಿಗೆ ಕೂತು ವೀಳ್ಯದೆಲೆ ತೊಟ್ಟು ಮುರೀತಾ, "ಎಂತ ಬರ್ದಿರ್, ಓದ್ ಕಾಂಬ" ಅಂದರು.

ಷರತ್ತುಗಳು ಲಂಡನ್ನಿನವು. ಇನ್‌ಸ್ಟಿಟ್ಯೂಟ್ ಯಾಟ್ ಕ್ಲಾಸಸ್ ಅಂತ ಹೆಸರು, ಕೆಳಗೆ 1985ರ ನವೆಂಬರ್ 1ರ ತಾರೀಕು. ಪಂಚಗಂಗಾವಳಿಯ ಕುಶಾಲಿನ ದೋಣಿಗೆ ಲಂಡನ್ನಿನ ಶ್ರೀಮಂತರ ವಿಹಾರದ ಹಡಗಿನ ನಿಯಮ! ನಾನು ಒಂದೊಂದೇ ಕನ್ನಡಕ್ಕೆ ತಂದು ಹೇಳುತ್ತಾ ಹೋದೆ.

ಸ್ವಂತ ಖುಷಿಗೆ ಮಾತ್ರ, ಬಾಡಿಗೆಗೆ ಕೊಟ್ಟರೆ ರಕ್ಷಣೆ ಇಲ್ಲ ಅಂತ ಇತ್ತು. ಅತ್ತೆ ಹೇಳಿದರು: "ಮನಿ ದೋಣಿ ಮಂದಿಗ್ ಕೊಡುಕಾಗ. ನಿನ್ ಮಾವ ಅದೇ ಹೇಳ್ತಿದ್ರ್."

ಗೊತ್ತು ಮಾಡಿದ ನೀರಿನ ಗಡಿ ದಾಟಬಾರದು ಅಂತ ಇತ್ತು. ನಮ್ಮ ಪಾಲಿಸಿಯಲ್ಲಿ ಅದು ಅಳಿವೆಯ ಒಳಗೆ. "ಅಳ್ವಿ ದಾಟಿ ಹೋಪುಕಾಗ. ಅಲ್ ನೀರ್ ಹ್ಯಾಂಗ್ ತಿರ್ಗತ್ತ್ ಅಂತ ದೇವ್ರಿಗೇ ಗೊತ್ತ್."

ಮಳೆಗಾಲದ ಇಂತಿಷ್ಟು ತಿಂಗಳು ದೋಣಿ ದಡದ ಮೇಲೆ ಇರ್ಬೇಕು, ನೀರಿಗೆ ಇಳಿಸಬಾರದು ಅಂತ ಇತ್ತು. "ಮತ್ತೆ? ಜೂನ್, ಜುಲಾಯಂಗೆ ಬಂದರಿನ ಬೋಟೇ ಕಟ್ ಹಾಕ್ತ್ರ್, ನಿಮ್ದ್ಯಾವ ದೊಡ್ಡ್ ದೋಣಿ?"

ರೇಸ್ ಬಿಡುವಾಗ ಆದ ನಷ್ಟಕ್ಕೆ ಇಲ್ಲ. ಹಳತಾಗಿ, ಸವೆದು ಹಾಳಾದ್ದಕ್ಕೆ ಇಲ್ಲ. ದೋಣಿ ನೀರಿಗೆ ಯೋಗ್ಯವಾಗಿ ಇಟ್ಕಂಬುದು ಯಜಮಾನನ ಕೆಲಸ. "ಅದ್ ಹೇಳುಕೆ ಲಂಡನ್ನಿಗೆ ಹೋಯ್ಕಾ?" ಅಂದರು ಅತ್ತೆ.

ಕಡೆಗೆ ಒಂದು ಸಾಲು ಬಂತು. ಔಟ್‌ಬೋರ್ಡ್ ಎಂಜಿನ್ ಕಳಚಿಕೊಂಡು ನೀರಿಗೆ ಬಿದ್ದರೆ ಪರಿಹಾರ ಇಲ್ಲ. ಕಳ್ಳ ಕದ್ದರೆ ಉಂಟು, ಅದೂ ಬೀಗ ಇದ್ದರೆ. ತಾನಾಗಿ ಬಿದ್ದರೆ ಇಲ್ಲ. ನಾವು ಕಳ್ಳನಿಗೆ ಹೆದರಿ ಬೀಗ ತಂದೆವು, ತಿರುಪು ಬಿಗಿ ಇದೆಯಾ ಅಂತ ದಿನಾ ನೋಡಲಿಲ್ಲ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂದ್ ಹಗ್ಗ ಕಟ್ಟಿದ್ರೆ ಆತಿತ್ತಲ್ಲೆ ಮಗಾ" ಅಂದರು.

ಅದೇ ಕಾಣಿ. ಇನ್ನೂರು ರೂಪಾಯಿಯ ನೈಲಾನ್ ಹಗ್ಗ ಎಂಜಿನ್ನಿನಿಂದ ದೋಣಿಗೆ ಬಿಗಿದು ಕಟ್ಟಿದ್ದರೆ ಎಂಜಿನ್ ಉಳಿಯುತ್ತಿತ್ತು. ಎಂಜಿನ್ ಬೀಳುದಕ್ಕೆ ಇರುವ ಇನ್ಶೂರೆನ್ಸ್ ಹಗ್ಗ, ಪಾಲಿಸಿ ಅಲ್ಲ.

ಆ ರಾತ್ರಿ ನನಗೆ ಹೊಳೆದದ್ದು ಇಷ್ಟು: ಕಂಪನಿಯ ಷರತ್ತು ಮತ್ತೆ ಮನೆ ಹಿರಿಯರ "ಆಗ" ಅನ್ನುವ ಮಾತು, ಎರಡೂ ಒಂದೇ. ಎರಡೂ ಹುಟ್ಟಿದ್ದು ಮುಳುಗಿದ ದೋಣಿಗಳ ನೆನಪಿನಿಂದ. ಮಾವ ಹೇಳಿದರೆ ನಾವು ಹಳೇ ಕಾಲದ ಮಾತು ಅಂದೆವು. ಕಂಪನಿ ಬರೆದರೆ ಮೋಸ ಅಂದೆವು. ಎರಡನ್ನೂ ಕೇಳದೆ ಮೂರು ಸಾವಿರಕ್ಕೆ ದೋಣಿ ಕೊಟ್ಟೆವು.

ಹಾಂಗಂತ ಕಂಪನಿಯವರದ್ದು ಎಲ್ಲ ಸರಿ ಅಂತ ನಾನು ಹೇಳುದಿಲ್ಲ. ನನ್ನ ತಕರಾರು ಬೇರೆ. ನಮ್ಮ ದೇಶದಲ್ಲಿ ದೋಣಿ ಹಡಗಿನ ಇನ್ಶೂರೆನ್ಸಿಗೆ 1963ರ ಸಮುದ್ರಯಾನ ವಿಮಾ ಕಾಯ್ದೆ ಇದೆ. ಅದು ಬ್ರಿಟಿಷರ 1906ರ ಕಾಯ್ದೆಯ ಅಚ್ಚಿನದ್ದು. ಅದರ ಪ್ರಕಾರ ಎರಡೂ ಕಡೆಯವರು ಪೂರ್ತಿ ನಂಬಿಕೆಯಿಂದ ನಡಕೊಳ್ಬೇಕು. ಗೊತ್ತಿದ್ದ ಮುಖ್ಯ ವಿಷಯ ಮುಚ್ಚಿಟ್ಟರೆ ಪಾಲಿಸಿ ಬಿದ್ದು ಹೋಗ್ತದೆ. ವಾರಂಟಿ ಅಂತ ಒಪ್ಪಿಕೊಂಡ ಮಾತನ್ನು ಅಕ್ಷರಕ್ಕೆ ಅಕ್ಷರ ಪಾಲಿಸ್ಬೇಕು. ಮುರಿದರೆ ಆ ಗಳಿಗೆಯಿಂದ ಕಂಪನಿಗೆ ಜವಾಬ್ದಾರಿ ಇಲ್ಲ, ಮುರಿದದ್ದಕ್ಕೂ ಅಪಘಾತಕ್ಕೂ ಸಂಬಂಧ ಇರ್ಬೇಕು ಅಂತಲೂ ಇಲ್ಲ. ಈ ಬಿಗಿ ನಿಯಮವನ್ನು ಹುಟ್ಟಿಸಿದ ಬ್ರಿಟಿಷರೇ 2015ರ ಹೊಸ ಕಾಯ್ದೆಯಲ್ಲಿ ಸಡಿಲ ಮಾಡಿದರು. ನಾವು ಇನ್ನೂ ಹಿಡಕೊಂಡು ಕೂತಿದ್ದೇವೆ.

ಇಷ್ಟು ಬಿಗಿಯ ನಿಯಮ ಇರುವಾಗ, ಪಾಲಿಸಿ ಮಾರುವವರು ಐದು ನಿಮಿಷ ಕೂತು ನಮ್ಮ ಭಾಷೆಯಲ್ಲಿ ನಾಲ್ಕು ಮಾತು ಹೇಳ್ಕಾ ಬ್ಯಾಡ್ದಾ? ಬಾಡಿಗೆಗೆ ಕೊಡ್ಬೇಡಿ. ಅಳಿವೆ ದಾಟ್ಬೇಡಿ. ಮಳೆಗಾಲದಲ್ಲಿ ಇಳಿಸ್ಬೇಡಿ. ಎಂಜಿನ್ನಿಗೆ ಹಗ್ಗ ಕಟ್ಟಿ. ಇಷ್ಟೇ. ಫಾರ್ಮಿಗೆ ಸೈ ಹಾಕಿಸುವಾಗ ಎಲ್ಲಿ ಹಾಕ್ಬೇಕು ಅಂತ ಪೆನ್ಸಿಲಿನಲ್ಲಿ ಗುರುತು ಮಾಡಿ ತೋರಿಸ್ತಾರೆ, ಎಂತದಕ್ಕೆ ಸೈ ಅಂತ ತೋರಿಸುದಿಲ್ಲ. ನಂಬಿಕೆ ಎರಡೂ ಕಡೆಯದ್ದು ಅಂತ ಕಾಯ್ದೆಯೇ ಹೇಳುವಾಗ, ನಮಗೆ ಗೊತ್ತಿದ್ದದ್ದನ್ನು ನಾವು ಮುಚ್ಚಿಡುದು ಹ್ಯಾಂಗೆ ತಪ್ಪೋ, ಅವರಿಗೆ ಗೊತ್ತಿದ್ದದ್ದನ್ನು ಅವರು 12 ಪುಟದ ಒಳಗೆ ಹುಗಿಸಿಡುದೂ ಅಷ್ಟೇ ತಪ್ಪು.

ಇನ್ನೊಂದು ಮಾತು ಮನೆಯವರಿಗೆ. ದೋಣಿ ಇನ್ಶೂರೆನ್ಸ್ ಅಂದ ಕೂಡಲೆ ನಮ್ಮ ತಲೆ ಹೋಗುದು ದೋಣಿಯ ಬೆಲೆಗೆ. ಫೈಬರ್ ಎಷ್ಟು, ಎಂಜಿನ್ ಎಷ್ಟು. ಆ ಲೆಕ್ಕವೂ ಬೇಕು, ಬೇಡ ಅಲ್ಲ. ಎರಡೂ ಕಡೆ ಒಪ್ಪಿ ಬೆಲೆ ಬರೆದ ಪಾಲಿಸಿ ಆದರೆ, ಮೋಸ ಇಲ್ಲದಿದ್ದರೆ, ಮುಳುಗಿದ ಮೇಲೆ ಬೆಲೆಯ ಬಗ್ಗೆ ಚೌಕಾಸಿ ಮಾಡುಕಿಲ್ಲ. ಪ್ರೀಮಿಯಂ ಉಳಿಸುಕೆ ಬೆಲೆ ಕಡಿಮೆ ಬರೆಸಿದರೆ ಉಳಿದ ಪಾಲಿನ ನಷ್ಟ ನಮ್ಮ ತಲೆ ಮೇಲೆಯೇ. ಆದರೆ ದೋಣಿ ಹೋದರೆ ಇನ್ನೊಂದು ದೋಣಿ ಬರ್ತದೆ. ಮೊದಲು ಕೇಳ್ಬೇಕಾದ್ದು ಬೇರೆ ಎರಡು. ನಮ್ಮ ದೋಣಿಯಿಂದ ಇನ್ನೊಬ್ಬರಿಗೆ ಪೆಟ್ಟಾದರೆ ಎಷ್ಟು? ದೋಣಿಯಲ್ಲಿ ಕೂತವರಿಗೆ ಆದರೆ ಎಷ್ಟು? ಕೂತವರಿಗೆ ಬೇರೆ ಬರೆಸ್ಬೇಕಾ ಅಂತ ಬಾಯಿ ಬಿಟ್ಟು ಕೇಳಿ, ಉತ್ತರವನ್ನು ಕಾಗ್ದದಲ್ಲೇ ತಕೊಳ್ಳಿ.

ಇದು ನಮ್ಮ ಒಂದು ಮನೆಯ ಕಥೆ ಮಾತ್ರ ಅಲ್ಲ. 2019ರ ಜನವರಿ 21ಕ್ಕೆ ಕಾರವಾರದ ಕೂರ್ಮಗಡದಲ್ಲಿ ನರಸಿಂಹ ದೇವರ ಜಾತ್ರೆಗೆ ಹೋಗಿ ವಾಪಸ್ ಬರುವವರ ದೋಣಿ ಮಗುಚಿ 16 ಜನ ಹೋದರು. 2023ರ ಮೇ 7ಕ್ಕೆ ಕೇರಳದ ತಾನೂರಿನಲ್ಲಿ ವಿಹಾರದ ದೋಣಿ ಮುಳುಗಿ 22 ಜನ. ದೇವರಿಗೆ ಹೋದವರು, ರಜೆಯ ಸಂಜೆಗೆ ಹೋದವರು. ಕುಶಾಲಿನ ದೋಣಿ ಅಂತ ನಾವು ಹೇಳುದು, ನೀರಿಗೆ ಅದೆಲ್ಲ ಗೊತ್ತಾಗುದಿಲ್ಲ.

ಪ್ರಧಾನಮಂತ್ರಿ ಸುರಕ್ಷಾ ಬಿಮಾ ಅಂತ ಒಂದು ಉಂಟು. 2015ರಲ್ಲಿ ಶುರುವಾದಾಗ ವರ್ಷಕ್ಕೆ 12 ರೂಪಾಯಿ ಇತ್ತು, 2022ರಿಂದ 20 ರೂಪಾಯಿ. 18ರಿಂದ 70 ವರ್ಷದವರಿಗೆ, ಬ್ಯಾಂಕ್ ಖಾತೆ ಇದ್ದರೆ ಸಾಕು. ಅಪಘಾತದಲ್ಲಿ ಜೀವ ಹೋದರೆ ಎರಡು ಲಕ್ಷ. ಕೈ ಮುರಿದು ಆಸ್ಪತ್ರೆ ಸೇರಿದರೆ ಅದರಲ್ಲಿ ಸಿಕ್ಕುದಿಲ್ಲ, ಜೀವ ಹೋದರೆ ಇಲ್ಲವೇ ಶಾಶ್ವತ ಊನ ಆದರೆ ಮಾತ್ರ. ಆದರೂ ಇಪ್ಪತ್ತು ರೂಪಾಯಿಗೆ ಇದು ಸಣ್ಣದಲ್ಲ. ಆ ಫೋಟೋದ ಹುಡುಗನ ಹತ್ತಿರ ಅದೂ ಇರಲಿಲ್ಲ. ಕೇಳಿದರೆ, ನಮ್ಮ ಮನೆಯಲ್ಲಿಯೂ ಮೂರು ಜನರದ್ದು ಇರಲಿಲ್ಲ.

ಹುಡುಗನ ಆಸ್ಪತ್ರೆ ಖರ್ಚು ನಾವೇ ಕೊಟ್ಟೆವು. ಕ್ಯಾಮೆರಾದ ಸಾಲದ ಅರ್ಧ ಮೈದುನ ತಿಂಗಳು ತಿಂಗಳು ಕಟ್ತಾ ಇದ್ದಾನೆ. ಯಾರೂ ಒತ್ತಾಯ ಮಾಡಿದ್ದಲ್ಲ, ನಮ್ಮ ದೋಣಿಯಲ್ಲಿ ಬಿದ್ದ ಹೈದ. ಮೂರು ಸಾವಿರ ತಕೊಂಡದ್ದಕ್ಕೆ ಲಕ್ಷದ ಹತ್ತಿರ ಹೋಯ್ತು. ಅವನ ಕೈ ಮುಕ್ಕಾಲು ಪಾಲು ಸರಿ ಆಗಿದೆ. ಭಾರದ ಕ್ಯಾಮೆರಾ ತುಂಬಾ ಹೊತ್ತು ಎತ್ತಿ ಹಿಡಿಯುಕೆ ಆಗುದಿಲ್ಲ ಅಂತಾನೆ. ಅದಕ್ಕೆ ಯಾವ ಪಾಲಿಸಿಯೂ ಇಲ್ಲ.

ಈ ವರ್ಷ ಪಾಲಿಸಿ ಮತ್ತೆ ಮಾಡಿಸುವಾಗ ನಾನೂ ಶಾಖೆಗೆ ಹೋದೆ. ಹಿಂದಿನ ಅಪಘಾತ ಇದ್ದ ಹಾಂಗೇ ಬರೆದೆವು. ಪ್ರೀಮಿಯಂ ಸ್ವಲ್ಪ ಹೆಚ್ಚಾಯ್ತು, ಆಗಲಿ. ದೋಣಿಯಲ್ಲಿ ಕೂರುವ ಆರು ಜನರಿಗೆ ಬೇರೆ ಮೊತ್ತ ಸೇರಿಸಿದೆವು. ಎಂಜಿನ್ನಿಗೆ ಬೀಗವೂ ಉಂಟು, ಹಗ್ಗವೂ ಉಂಟು. ದೋಣಿ ಮಾಡಿನ ಕಂಬಕ್ಕೆ ಮೈದುನನೇ ಒಂದು ರಟ್ಟು ಕಟ್ಟಿದ್ದಾನೆ, ಅತ್ತೆ ಹೇಳಿದ ಹಾಂಗೇ ಬರೆದು: ಮಂದಿಗ್ ಕೊಡುಕಾಗ. ಅಳ್ವಿ ದಾಟುಕಾಗ. ಮಳಿಗಾಲ್ದಂಗೆ ಇಳ್ಸುಕಾಗ. ಜಾಕೆಟ್ ಬಿಚ್ಚುಕಾಗ. 14 ಪುಟದ್ದು ನಾಲ್ಕು ಸಾಲಿಗೆ ಬಂತು.

ನೂಲ ಹುಣ್ಣಿಮೆಗೆ ಅತ್ತೆ ಎಂದಿನ ಹಾಂಗೆ ಕಾಯಿಗೆ ಅರಿಶಿನ ಕುಂಕುಮ ಹಚ್ಚಿ, ಕಟ್ಟೆಯ ಕೆಳಗಿನ ಮೆಟ್ಟಿಲಿಗೆ ಇಳಿದು ಹೊಳೆಗೆ ಬಿಟ್ಟರು. ಕಾಯಿ ಇಳಿತದ ನೀರಿನ ಜೊತೆ ಅಳಿವೆ ಕಡೆಗೆ ತೇಲಿ ಹೋಯ್ತು. ಮೇಲೆ ಬರುವಾಗ ನನ್ನ ಕೈ ಹಿಡಕೊಂಡು ಕೇಳಿದರು:

"ಹೆಣೆ, ಕಾಗ್ದ ರಿನೀವಲ್ ಆಯ್ತಲ್ದಾ?"